ಹೀಬ್ರೂ ಶಾಸ್ತ್ರಗಳಲ್ಲಿ ದೇವರ ಸತ್ಯಸಂಧತೆಯೂ ಆಜ್ಞೋಲ್ಲಂಘನದ ಫಲವೂ

ಹೀಬ್ರೂ ಭಾಷೆಯ ಪವಿತ್ರಶಾಸ್ತ್ರಗಳನ್ನು, ಎಂದರೆ ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಗ್ರಂಥಸಮುಚ್ಚಯವನ್ನು, ಓದತೊಡಗಿದವರಿಗೆ ಎರಡು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ದೇವರು ಆಡಿದ ಮಾತಿಗೆ ತಪ್ಪತಕ್ಕವನಲ್ಲವೆಂಬುದು ಒಂದು. ಆತನ ಆಜ್ಞೆಯನ್ನು ಮೀರಿದವರು ಅದರ ಫಲವನ್ನು ಉಣ್ಣದೆ ಹೋಗಲಾರರೆಂಬುದು ಇನ್ನೊಂದು. ಇವನ್ನು ದಯೆ, ನ್ಯಾಯ ಎಂಬ ಎರಡು ಗುಣಗಳ ಹೆಸರಿನಲ್ಲಿ ಬೇರ್ಪಡಿಸಿ, ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಇಲ್ಲಿ ದಯೆ ಹೆಚ್ಚಾಯಿತು, ಅಲ್ಲಿ ನ್ಯಾಯ ಮೇಲಾಯಿತು ಎಂದು ತೂಗಿ ಹೇಳುವುದು ವಾಡಿಕೆಯಾಗಿದೆ. ಈ ವಿವರಣೆ ತರಗತಿಗಳಲ್ಲಿ ಹೇಳುವುದಕ್ಕೆ ಸುಲಭವಾದುದೇನೋ ಅಹುದು. ಆದರೆ ಗ್ರಂಥದ ಮಾತನ್ನು ಸಮೀಪದಿಂದ ನೋಡಿದರೆ ಇದು ನಿಲ್ಲುವಂತೆ ತೋರುವುದಿಲ್ಲ. ಆ ಗ್ರಂಥಕರ್ತರ ದೃಷ್ಟಿಯಲ್ಲಿ ಇವೆರಡೂ ಒಂದೇ ಪತ್ರದಲ್ಲಿ ಬರೆದ ಎರಡು ಕರಾರುಗಳು. ಪತ್ರದಲ್ಲಿ ಹೇಳಿದಂತೆ ದಂಡಿಸುವವನು ಪತ್ರವನ್ನು ಇನ್ನೂ ಹರಿದುಹಾಕಿಲ್ಲ ಎಂಬುದೇ ಅವರ ಅಭಿಪ್ರಾಯದ ತಿರುಳು. ಹೀಗೆಂದೊಡನೆ ಒಂದು ತೊಡಕೂ ಹುಟ್ಟುತ್ತದೆ: ಹಾಗಾದರೆ ಸಂಕಟಕ್ಕೆ ಸಿಕ್ಕಿದವರೆಲ್ಲರೂ ಅಪರಾಧಿಗಳೇ? ಆ ಗ್ರಂಥಗಳು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ. ಮೊದಲು ಪತ್ರದ ಸ್ವರೂಪವನ್ನು ನೋಡಿ ಬಳಿಕ ಆ ತೊಡಕಿಗೆ ಬರೋಣ.

'ಒಡಂಬಡಿಕೆ' ಎಂದು ನಾವು ಹೇಳುವ ಮಾತಿಗೆ ಹೀಬ್ರೂವಿನಲ್ಲಿ 'ಬೆರೀತ್' ಎಂದು ಹೆಸರು. ಒಡಂಬಡಿಕೆಯನ್ನು ಮಾಡಿಕೊಳ್ಳುವುದಕ್ಕೆ ಆ ಭಾಷೆಯಲ್ಲಿ ಸಾಮಾನ್ಯವಾಗಿ ಬಳಸುವ ಕ್ರಿಯಾಪದ 'ಕಾರತ್'. ಇದರ ಅರ್ಥ ಕಡಿಯುವುದು, ಕತ್ತರಿಸುವುದು. ನಾವು ಸಂಬಂಧವನ್ನು ಕಟ್ಟುತ್ತೇವೆ, ಬೆಳೆಸುತ್ತೇವೆ, ಬೆಸೆಯುತ್ತೇವೆ. ಸಂಬಂಧ ಕಡಿಯಿತೆಂದರೆ ಕನ್ನಡದಲ್ಲಿ ಅದು ಮುಗಿಯಿತೆಂದೇ ಅರ್ಥ. ಅವರಾದರೋ ಒಡಂಬಡಿಕೆಯನ್ನು ಕಡಿಯುವುದರಿಂದಲೇ ಪ್ರಾರಂಭಿಸುತ್ತಾರೆ. ಈ ನುಡಿಗಟ್ಟಿನ ಹಿಂದೆ ಒಂದು ವಿಧಿಯಿದೆ. ಪಶುವನ್ನು ಎರಡು ಹೋಳಾಗಿ ಸೀಳಿ, ಹೋಳುಗಳನ್ನು ಎದುರೆದುರಾಗಿ ಇಟ್ಟು, ಪ್ರತಿಜ್ಞೆ ಮಾಡುವವನು ಆ ನಡುವಣ ಹಾದಿಯಲ್ಲಿ ನಡೆದುಹೋಗಬೇಕು. ಮಾತಿಗೆ ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂಬುದು ಆ ನಡಗೆಯ ಇಂಗಿತ. ಇದು ಕೇವಲ ಊಹೆಯಲ್ಲ. ಸಿರಿಯಾ ದೇಶದ ಅಲೆಪ್ಪೋ ನಗರಕ್ಕೆ ಸಮೀಪವಾದ ಸೆಫೀರೆ ಎಂಬಲ್ಲಿ ದೊರೆತ, ಕ್ರಿ. ಪೂ. ೮ನೆಯ ಶತಮಾನದ ಅರಮಾಯಿಕ್ ಶಾಸನಗಳಲ್ಲಿ ಅರ್ಪಾದಿನ ಅರಸನಾದ ಮತಿಯೇಲನು ಮಾಡಿಕೊಂಡ ಕರಾರು ಕೆತ್ತಲ್ಪಟ್ಟಿದೆ. ಈ ಕರು ಹೇಗೆ ತುಂಡಾಯಿತೋ ಹಾಗೆ ಮತಿಯೇಲನೂ ಅವನ ಪ್ರಮುಖರೂ ತುಂಡಾಗಲಿ ಎಂಬ ಅಭಿಪ್ರಾಯವು ಅದರಲ್ಲಿ ಸ್ಪಷ್ಟವಾಗಿಯೇ ಇದೆ.

ಹೀಬ್ರೂ ಗ್ರಂಥಗಳಲ್ಲಿ ಈ ವಿಧಿಯು ವಿವರವಾಗಿ ಬರುವುದು ಎರಡೇ ಸ್ಥಳಗಳಲ್ಲಿ. ಆ ಎರಡನ್ನೂ ಒಟ್ಟಿಗೆ ಇಟ್ಟು ಓದಿದವರಿಗೆ ನಮ್ಮ ವಿಷಯದ ಬಹುಭಾಗ ತಾನಾಗಿಯೇ ತೆರೆದುಕೊಳ್ಳುವುದು.

ಮೊದಲನೆಯದು ಆದಿಕಾಂಡದ ೧೫ನೆಯ ಅಧ್ಯಾಯ. ಮಕ್ಕಳಿಲ್ಲದ ಅಬ್ರಾಮನಿಗೆ ದೇವರು ಸಂತಾನವನ್ನೂ ದೇಶವನ್ನೂ ವಾಗ್ದಾನಮಾಡುತ್ತಾನೆ. ಇದು ನನ್ನ ಪಾಲಿಗೆ ಬರುವುದೆಂದು ತಿಳಿಯುವುದು ಹೇಗೆ ಎಂದು ಅಬ್ರಾಮನು ಕೇಳುತ್ತಾನೆ. ಮೂರು ವರ್ಷದ ಕಡಸು, ಮೂರು ವರ್ಷದ ಮೇಕೆ, ಮೂರು ವರ್ಷದ ಟಗರು, ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ ಇವನ್ನು ತರುವಂತೆ ಅಪ್ಪಣೆಯಾಗುತ್ತದೆ. ಅಬ್ರಾಮನು ಪಶುಗಳನ್ನು ಸೀಳಿ ಹೋಳುಗಳನ್ನು ಎದುರೆದುರಾಗಿ ಇಡುತ್ತಾನೆ. ಹಕ್ಕಿಗಳನ್ನು ಮಾತ್ರ ಕಡಿಯುವುದಿಲ್ಲ. ಹದ್ದುಗಳು ಹೆಣಗಳ ಮೇಲೆ ಎರಗುತ್ತವೆ. ಮುದುಕನು ಅವನ್ನು ಓಡಿಸುತ್ತ ಕಾದಿರುತ್ತಾನೆ. ಹೊತ್ತು ಮುಳುಗುವ ವೇಳೆಗೆ ಅವನಿಗೆ ಗಾಢನಿದ್ರೆ ಕವಿಯುತ್ತದೆ. ಕತ್ತಲಾದಮೇಲೆ, ಹೊಗೆಯಾಡುವ ಒಂದು ಒಲೆಯೂ ಉರಿಯುವ ಒಂದು ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಅಬ್ರಾಮನು ಹಾದುಹೋಗುವುದಿಲ್ಲ. ವಿಧಿಯ ಅರ್ಥವನ್ನು ಬಲ್ಲ ಪ್ರಾಚೀನ ಶ್ರೋತೃವಿಗೆ ಈ ಸನ್ನಿವೇಶ ಎಷ್ಟು ಆಶ್ಚರ್ಯವನ್ನುಂಟುಮಾಡಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಸಾಮಾನ್ಯವಾಗಿ ಕೀಳಾದವನು ನಡೆಯಬೇಕಾದ ಹಾದಿಯಲ್ಲಿ ಇಲ್ಲಿ ಮೇಲಾದವನು ನಡೆದಿದ್ದಾನೆ. ಶಾಪಕ್ಕೆ ತಲೆಯೊಡ್ಡಿದವನು ದೇವರು. ಫಲವನ್ನು ಪಡೆಯುವವನು ನಿದ್ರಿಸುತ್ತಿದ್ದಾನೆ.

ಎರಡನೆಯದು ಯೆರೆಮೀಯನ ಗ್ರಂಥದ ೩೪ನೆಯ ಅಧ್ಯಾಯ. ಕಾಲ ಕ್ರಿ. ಪೂ. ೫೮೮ರ ಸುಮಾರು. ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನ ಸೇನೆ ಯೆಹೂದ ದೇಶವನ್ನೆಲ್ಲ ಹಾಳುಮಾಡಿ ಯೆರೂಸಲೇಮನ್ನು ಮುತ್ತಿದೆ. ಕೋಟೆಯುಳ್ಳ ಪಟ್ಟಣಗಳ ಪೈಕಿ ಲಾಕೀಷ್, ಅಜೇಕ ಎಂಬ ಎರಡು ಮಾತ್ರ ಉಳಿದಿವೆಯೆಂದು ಗ್ರಂಥ ಹೇಳುತ್ತದೆ. ಈ ಮಾತಿಗೆ ಅಪೂರ್ವವಾದ ಸಾಕ್ಷ್ಯವೊಂದು ೧೯೩೫ರಲ್ಲಿ ಲಾಕೀಷಿನ ಅಗೆತದಲ್ಲಿ ದೊರೆಯಿತು: ಮಡಕೆಯ ಬೋಕಿಗಳ ಮೇಲೆ ಮಸಿಯಿಂದ ಬರೆದ ಸೈನಿಕರ ಓಲೆಗಳು. ಅವುಗಳಲ್ಲೊಂದನ್ನು ಬರೆದವನು, ತಾವು ಲಾಕೀಷಿನ ಬೆಂಕಿಯ ಸಂಜ್ಞೆಗಳನ್ನು ನೋಡುತ್ತಿರುವೆವೆಂದೂ, ಅಜೇಕದ ಸಂಜ್ಞೆ ಕಾಣುತ್ತಿಲ್ಲವೆಂದೂ ತಿಳಿಸಿದ್ದಾನೆ. ಅಜೇಕವು ಆಗಲೇ ಬಿದ್ದಿತ್ತೆಂದು ಅನೇಕರು ಊಹಿಸುತ್ತಾರೆ.

ಇಂತಹ ಸಮಯದಲ್ಲಿ ಅರಸನಾದ ಚಿದ್ಕೀಯನು ಪ್ರಜೆಗಳೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡನು. ಸಾಲದಿಂದಲೋ ಬಡತನದಿಂದಲೋ ದಾಸತ್ವಕ್ಕೆ ಬಿದ್ದ ಸ್ವಜನರನ್ನು ಏಳನೆಯ ವರ್ಷದಲ್ಲಿ ಬಿಟ್ಟುಬಿಡಬೇಕೆಂಬುದು ಹಳೆಯ ಧರ್ಮಶಾಸನ; ಅದನ್ನು ಯಾರೂ ನಡೆಸುತ್ತಿರಲಿಲ್ಲ. ಈಗ ಪ್ರಮುಖರೆಲ್ಲರೂ ದೇವಾಲಯದಲ್ಲಿ ಕರುವನ್ನು ಸೀಳಿ, ಹೋಳುಗಳ ನಡುವೆ ಹಾದು, ತಮ್ಮ ತಮ್ಮ ದಾಸದಾಸಿಯರನ್ನು ಬಿಡುಗಡೆಮಾಡಿದರು. ಅಷ್ಟರಲ್ಲಿ ಐಗುಪ್ತದ ಸೇನೆ ಬರುತ್ತಿದೆಯೆಂಬ ಸುದ್ದಿ ಹಬ್ಬಿ ಬಾಬಿಲೋನಿನವರು ಮುತ್ತಿಗೆಯನ್ನು ತೆಗೆದರು. ಭಯ ಹೋಯಿತು, ಭಯದೊಡನೆ ಪ್ರತಿಜ್ಞೆಯೂ ಹೋಯಿತು. ಬಿಟ್ಟವರನ್ನು ಮತ್ತೆ ಹಿಡಿದು ತಂದು ದಾಸ್ಯಕ್ಕೆ ಹಾಕಿದರು. ಯೆರೆಮೀಯನ ಉತ್ತರವು ಶ್ಲೇಷದಿಂದ ಕೂಡಿದೆ. ಬಿಡುಗಡೆಗೆ ಹೀಬ್ರೂವಿನಲ್ಲಿ 'ದೆರೋರ್' ಎಂದು ಹೆಸರು. ನೀವು ನಿಮ್ಮ ನೆರೆಯವರಿಗೆ ದೆರೋರನ್ನು ಸಾರಲಿಲ್ಲವಾದ್ದರಿಂದ ದೇವರು ನಿಮಗೆ ದೆರೋರನ್ನು ಸಾರುವನು, ಕತ್ತಿಗೂ ವ್ಯಾಧಿಗೂ ಕ್ಷಾಮಕ್ಕೂ ನಿಮ್ಮನ್ನು ಬಿಟ್ಟುಕೊಡುವನು ಎಂಬುದು ಅವನ ಮಾತಿನ ಭಾವ. ಕರುವಿನ ಹೋಳುಗಳ ನಡುವೆ ನಡೆದವರ ಹೆಣಗಳು ಹಕ್ಕಿಗಳಿಗೂ ಮೃಗಗಳಿಗೂ ಆಹಾರವಾಗುವುವು ಎಂದು ಅವನು ಮುಗಿಸುತ್ತಾನೆ. ಇಲ್ಲಿ ಉಲ್ಲಂಘನೆಯೆಂಬುದು ಪೂಜಾವಿಧಿಯ ಲೋಪವಲ್ಲ, ಬಡವರಿಗೆ ಕೊಟ್ಟ ಮಾತನ್ನು ಮುರಿದದ್ದು. ಈ ಅಂಶವನ್ನು ಪಾಠಹೇಳುವವರು ಮರೆಯಬಾರದು.

ಹಕ್ಕಿಗಳ ವಿಚಾರವಾಗಿ ಒಂದು ಮಾತು. ಧರ್ಮೋಪದೇಶಕಾಂಡದ ೨೮ನೆಯ ಅಧ್ಯಾಯದಲ್ಲಿ ಒಡಂಬಡಿಕೆಯನ್ನು ಮೀರಿದವರಿಗೆ ವಿಧಿಸಿದ ಶಾಪಗಳ ನಡುವೆ ಇದೇ ಶಾಪವಿದೆ. ಹೆಣಗಳನ್ನು ತಿನ್ನುವ ಹಕ್ಕಿಗಳನ್ನು ಬೆದರಿಸಿ ಓಡಿಸುವವರು ಯಾರೂ ಇರುವುದಿಲ್ಲ ಎಂಬ ಮಾತೂ ಅಲ್ಲಿ ಸೇರಿದೆ. ಅಬ್ರಾಮನು ಸಂಜೆಯವರೆಗೆ ಹದ್ದುಗಳನ್ನು ಓಡಿಸುತ್ತ ನಿಂತ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಒಂದು ಕಡೆ ಕಾಯುವವನೊಬ್ಬನಿದ್ದಾನೆ; ಇನ್ನೊಂದು ಕಡೆ ಕಾಯುವವನೇ ಇಲ್ಲ. ಈ ಎರಡು ಸ್ಥಳಗಳನ್ನು ಬರೆದವರು ಒಬ್ಬರ ಮಾತನ್ನೊಬ್ಬರು ಬಲ್ಲವರಾಗಿದ್ದರೆಂದು ಸಾಧಿಸುವುದು ಕಷ್ಟ. ಆದರೆ ಗ್ರಂಥಗಳನ್ನು ಒಟ್ಟುಗೂಡಿಸಿದವರ ಕಿವಿಗೆ ಈ ಪ್ರತಿಧ್ವನಿ ಕೇಳಿಸದೆ ಇದ್ದಿರಲಾರದೆಂದು ನನಗೆ ತೋರುತ್ತದೆ.

ಇನ್ನು ಶಾಪಗಳ ಮೂಲದ ವಿಚಾರ. ಅಶ್ಶೂರದ ಚಕ್ರವರ್ತಿಯಾದ ಏಸರ್‌ಹದ್ದೋನನು ಕ್ರಿ. ಪೂ. ೬೭೨ರಲ್ಲಿ, ತನ್ನ ಮಗ ಅಶ್ಶೂರ್‌ಬಾನಿಪಾಲನನ್ನು ಯುವರಾಜನನ್ನಾಗಿ ಮಾಡಿ, ಅವನಿಗೆ ನಿಷ್ಠರಾಗಿರುವುದಾಗಿ ಅಧೀನರಿಂದಲೂ ಸಾಮಂತರಿಂದಲೂ ಪ್ರತಿಜ್ಞೆ ಮಾಡಿಸಿದನು. ಆ ಕರಾರಿನ ಮಣ್ಣಿನ ಫಲಕಗಳು ೧೯೫೫ರಲ್ಲಿ ನಿಮ್ರೂದಿನ ಅಗೆತದಲ್ಲಿ ಸಿಕ್ಕಿದುವು, ಡಿ. ಜೆ. ವೈಸ್‌ಮನ್ ಎಂಬ ವಿದ್ವಾಂಸರು ೧೯೫೮ರಲ್ಲಿ ಅವನ್ನು ಪ್ರಕಟಿಸಿದರು. ಇನ್ನೊಂದು ಪ್ರತಿಯು ೨೦೦೯ರಲ್ಲಿ ತುರ್ಕಿ ದೇಶದ ತೆಲ್ ತಾಯಿನಾತ್ ಎಂಬಲ್ಲಿ, ಒಂದು ದೇವಾಲಯದ ಗರ್ಭಗೃಹದಲ್ಲಿ ದೊರೆಯಿತು. ಯುವರಾಜನನ್ನು ತಮ್ಮನ್ನು ತಾವು ಪ್ರೀತಿಸುವಂತೆ ಪ್ರೀತಿಸಬೇಕು. ಅವನಿಗೆ ವಿರುದ್ಧವಾದ ಮಾತು ಕಿವಿಗೆ ಬಿದ್ದರೆ, ಆಡಿದವನು ಒಡಹುಟ್ಟಿದವನಾಗಲಿ ಮಗನಾಗಲಿ ಪ್ರವಾದಿಯಾಗಲಿ, ಮುಚ್ಚಿಡಕೂಡದು. ಮೀರಿದರೆ ಒಬ್ಬೊಬ್ಬ ದೇವತೆಯೂ ಒಂದೊಂದು ವಿಧವಾಗಿ ಶಿಕ್ಷಿಸುವನು. ಚಂದ್ರದೇವತೆ ಕುಷ್ಠವನ್ನೂ, ಸೂರ್ಯದೇವತೆ ಕುರುಡನ್ನೂ ತರುವರು. ನಿನುರ್ತನೆಂಬ ಯುದ್ಧದೇವತೆ ಮಾಂಸವನ್ನು ಹದ್ದು ರಣಹದ್ದುಗಳಿಗೆ ಉಣಿಸುವನು. ಶುಕ್ರದೇವತೆ ಅವರ ಪತ್ನಿಯರನ್ನು ಶತ್ರುವಿನ ಪಾಲುಮಾಡುವಳು. ಮಳೆ ಬೀಳದಂತೆ ಆಕಾಶ ಕಂಚಾಗಲಿ, ನೆಲ ಕಬ್ಬಿಣವಾಗಲಿ ಎಂಬ ಶಾಪವೂ ಉಂಟು.

ಧರ್ಮೋಪದೇಶಕಾಂಡದ ೨೮ನೆಯ ಅಧ್ಯಾಯವನ್ನು ಓದಿದವರಿಗೆ ಇದೆಲ್ಲವೂ ಪರಿಚಿತವೆಂದು ತೋರುವುದು. ಆ ಅಧ್ಯಾಯದ ೬೮ ವಾಕ್ಯಗಳಲ್ಲಿ ಮೊದಲ ೧೪ ಮಾತ್ರ ಆಶೀರ್ವಾದಗಳು, ಮಿಕ್ಕುದೆಲ್ಲ ಶಾಪ. ಕಂಚಿನ ಆಕಾಶ, ಕಬ್ಬಿಣದ ನೆಲ ಅಲ್ಲಿಯೂ ಇವೆ. ಹಕ್ಕಿಗಳ ಪಾಲಾಗುವ ಹೆಣ, ಚರ್ಮರೋಗ, ಕುರುಡು, ಅನ್ಯನ ವಶಳಾಗುವ ಹೆಂಡತಿ ಇವೂ ಒಂದರ ಹಿಂದೆ ಒಂದು ಬರುತ್ತವೆ. ಅಶ್ಶೂರದ ಕರಾರಿನಲ್ಲಿ ಈ ಶಾಪಗಳು ಒಂದೆಡೆ ಸೇರುವುದಕ್ಕೆ ಕಾರಣವುಂಟು. ಅವು ದೇವತೆಗಳ ಪಂಕ್ತಿಯನ್ನು ಅನುಸರಿಸಿವೆ. ಹೀಬ್ರೂ ಗ್ರಂಥದಲ್ಲಾದರೋ ಶಿಕ್ಷಿಸುವ ದೇವರು ಒಬ್ಬನೇ. ಆದರೂ ಶಾಪಗಳ ಗುಂಪು ಹಾಗೆಯೇ ಉಳಿದುಬಂದಿದೆ. ಆದಕಾರಣ ಹೀಬ್ರೂ ಲೇಖಕನು ಈ ಕರಾರನ್ನೋ ಇಂತಹದೇ ಇನ್ನೊಂದನ್ನೋ ಬಲ್ಲವನಾಗಿದ್ದನೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಶಾಪಗಳ ಸಾಮಾನ್ಯ ಪರಂಪರೆಯೇ ಇಬ್ಬರಿಗೂ ಮೂಲವೆಂದು ವಾದಿಸುವವರೂ ಇದ್ದಾರೆ. ಯೆಹೂದದ ಅರಸನಾದ ಮನಸ್ಸೆಯು ಏಸರ್‌ಹದ್ದೋನನ ಸಾಮಂತನಾಗಿದ್ದನೆಂಬುದು ಆ ಚಕ್ರವರ್ತಿಯ ಶಾಸನದಿಂದಲೇ ತಿಳಿಯಬರುವುದರಿಂದ ಮೊದಲನೆಯ ಪಕ್ಷವೇ ನನಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ.

ನಮ್ಮ ಶಿಲಾಶಾಸನಗಳನ್ನು ಓದಿದವರಿಗೆ ಶಾಪಾಶಯದ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂದು ಕಲ್ಲಿನ ಕೊನೆಯಲ್ಲಿ ಬರೆಯಿಸಿದವನಿಗೆ ಬೇಕಾಗಿದ್ದುದು ದತ್ತಿ ಉಳಿಯುವುದು, ಪಾಪ ತಟ್ಟುವುದಲ್ಲ. ಹೀಬ್ರೂ ಶಾಪಗಳನ್ನೂ ಈ ದೃಷ್ಟಿಯಿಂದಲೇ ನೋಡತಕ್ಕದ್ದು. ಆದರೆ ಒಂದು ಭೇದವುಂಟು. ನಮ್ಮಲ್ಲಿ ಶಾಪವು ದಾನಕ್ಕೆ ಬೇಲಿ. ಅಶ್ಶೂರದಲ್ಲಿ ಅದು ಚಕ್ರವರ್ತಿಯ ಅಧಿಕಾರಕ್ಕೆ ಬೇಲಿ. ಹೀಬ್ರೂವಿನಲ್ಲಿ ಚಕ್ರವರ್ತಿಯ ಸ್ಥಾನದಲ್ಲಿ ದೇವರನ್ನೇ ಕುಳ್ಳಿರಿಸಿದ್ದಾರೆ. ಅನ್ಯರಾಜನು ಬಲಾತ್ಕಾರದಿಂದ ಕೇಳಿದ ಪ್ರೀತಿಯನ್ನು ಅವನಿಗೆ ಸಲ್ಲಿಸದೆ, ಅದು ಇನ್ನೊಬ್ಬನಿಗೆ ಸಲ್ಲತಕ್ಕದ್ದೆಂದು ಅವನದೇ ಭಾಷೆಯಲ್ಲಿ ಹೇಳಿದ ಧೈರ್ಯ ಸಣ್ಣದೇನೂ ಅಲ್ಲ.

ಮತ್ತೊಂದು ಭೇದವು ಇದಕ್ಕಿಂತಲೂ ಮುಖ್ಯವಾದುದು. ಏಸರ್‌ಹದ್ದೋನನ ಕರಾರು ಶಾಪಗಳಲ್ಲಿ ಮುಗಿಯುತ್ತದೆ; ದ್ರೋಹಿಯು ಮರಳಿ ಬಂದರೆ ಏನೆಂಬ ಪ್ರಶ್ನೆಯೇ ಅಲ್ಲಿ ಇಲ್ಲ. ಯಾಜಕಕಾಂಡದ ೨೬ನೆಯ ಅಧ್ಯಾಯದಲ್ಲಿಯೂ ಇಂತಹ ಶಾಪಾವಳಿ ಇದೆ. ಏಳೇಳು ಮಡಿಯಾಗಿ ಹೆಚ್ಚುತ್ತ ಹೋಗುವ ಶಿಕ್ಷೆಗಳು ಕೊನೆಗೆ ದೇಶಭ್ರಷ್ಟತೆಯಲ್ಲಿ ಮುಟ್ಟುತ್ತವೆ. ಆದರೆ ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ. ಇಷ್ಟಾದರೂ ಅವರು ಶತ್ರುಗಳ ದೇಶದಲ್ಲಿರುವಾಗ ತಾನು ಅವರನ್ನು ತೀರ ಬೇಡವೆಂದು ತಳ್ಳಿ ಒಡಂಬಡಿಕೆಯನ್ನು ಮುರಿಯತಕ್ಕವನಲ್ಲವೆಂದು ದೇವರು ಹೇಳುತ್ತಾನೆ. ಒಂದು ಪಕ್ಷವು ಮುರಿದ ಕರಾರನ್ನು ಎರಡನೆಯ ಪಕ್ಷವು ಮುರಿಯದೆ ಇಟ್ಟುಕೊಂಡಿದೆ. ವ್ಯವಹಾರಶಾಸ್ತ್ರದ ದೃಷ್ಟಿಯಿಂದ ಇದು ಅಸಂಬದ್ಧ. ಆದರೆ ಹೋಳುಗಳ ನಡುವೆ ಮೊದಲು ನಡೆದವನು ಯಾರೆಂಬುದನ್ನು ನೆನೆದರೆ ಅಸಂಬದ್ಧವೆನಿಸುವುದಿಲ್ಲ.

ಈ ನಡತೆಗೆ ಹೀಬ್ರೂವಿನಲ್ಲಿ 'ಹೆಸೆದ್' ಎಂದು ಹೆಸರು. ಗ್ರಂಥಸಮುಚ್ಚಯದಲ್ಲಿ ಸುಮಾರು ೨೪೫ ಸಲ ಬರುವ ಈ ಪದವು ಭಾಷಾಂತರಕಾರರನ್ನು ಬಹಳವಾಗಿ ಕಾಡಿದೆ. ಗ್ರೀಕಿನವರು ಇದನ್ನು ಕರುಣೆಯ ಅರ್ಥದ ಪದದಿಂದ ತಂದರು. ಲತೀನಿನವರು ಅವರನ್ನೇ ಅನುಸರಿಸಿದರು. ೧೫೩೫ರಲ್ಲಿ ಇಂಗ್ಲಿಷ್ ಬೈಬಲನ್ನು ಅಚ್ಚುಹಾಕಿಸಿದ ಕವರ್‌ಡೇಲನು ಪ್ರೀತಿ, ದಯೆ ಎಂಬೆರಡು ಪದಗಳನ್ನು ಜೋಡಿಸಿ ಹೊಸ ಸಮಾಸವನ್ನೇ ಮಾಡಿದನು. ಕನ್ನಡ ಬೈಬಲಿನಲ್ಲಿ ಬಹುಮಟ್ಟಿಗೆ 'ಕೃಪೆ' ಎಂದಿದೆ. ಕೃಪೆಯೆಂಬುದು ಸುಂದರವಾದ ಪದವೇ. ಆದರೆ ಅದು ಮೇಲಿನಿಂದ ಕೆಳಕ್ಕೆ ಹರಿಯುವುದು, ಯಾವ ಕಟ್ಟೂ ಇಲ್ಲದುದು. ಮಾಡಿದರೆ ಔದಾರ್ಯ, ಮಾಡದಿದ್ದರೆ ತಪ್ಪೇನಿಲ್ಲ. ಹೆಸೆದ್ ಹಾಗಲ್ಲ. ದಾವೀದನೂ ಯೋನಾತಾನನೂ ಒಡಂಬಡಿಕೆ ಮಾಡಿಕೊಂಡರು. ಯೋನಾತಾನನು ತನ್ನ ಮನೆತನಕ್ಕೆ ಹೆಸೆದ್ ತೋರಬೇಕೆಂದು ದಾವೀದನನ್ನು ಕೇಳಿಕೊಂಡನು. ವರ್ಷಗಳ ಮೇಲೆ, ಯೋನಾತಾನನು ಯುದ್ಧದಲ್ಲಿ ಸತ್ತು ದಾವೀದನು ಅರಸನಾದಾಗ, ಹೆಸೆದ್ ತೋರುವುದಕ್ಕೆ ಆ ಮನೆಯಲ್ಲಿ ಯಾರಾದರೂ ಉಳಿದಿರುವರೇ ಎಂದು ಹುಡುಕಿಸಿ, ಎರಡು ಕಾಲೂ ಕುಂಟಾದ ಅವನ ಮಗ ಮೆಫೀಬೋಶೆತನನ್ನು ಕರೆಯಿಸಿ ತನ್ನ ಪಂಕ್ತಿಯಲ್ಲಿ ಉಣಿಸಿದನು. ಕೇಳುವವನು ಸತ್ತುಹೋಗಿದ್ದಾನೆ, ಮಾಡದಿದ್ದರೆ ಆಕ್ಷೇಪಿಸುವವರಿಲ್ಲ, ಆದರೂ ಮಾಡಬೇಕಾಗಿದೆ. ನೆಲ್ಸನ್ ಗ್ಲೂಕನು ೧೯೨೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೆಸೆದ್ ಎಂಬುದು ಸಂಬಂಧದೊಳಗಿನ ಕರ್ತವ್ಯವೆಂದು ವಾದಿಸಿದನು. ಬಲವುಳ್ಳವನು ಬಲವಿಲ್ಲದವನಿಗೆ, ನಿರ್ಬಂಧಿಸುವವರು ಯಾರೂ ಇಲ್ಲದಾಗಲೂ ಸಲ್ಲಿಸುವ ನಡತೆಯೆಂದು ಕ್ಯಾಥರೀನ್ ಡೂಬ್ ಸಾಕೆನ್‌ಫೆಲ್ಡ್ ಅವರು ೧೯೭೮ರ ತಮ್ಮ ಗ್ರಂಥದಲ್ಲಿ ಅದನ್ನು ತಿದ್ದಿದರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತನ್ನು ಹುಡುಕುವಾಗ ನನಗೆ ಹಳಗನ್ನಡದ 'ಜೋಳವಾಳಿ' ನೆನಪಾಗುತ್ತದೆ. ಉಂಡ ಜೋಳದ ಋಣಕ್ಕಾಗಿ ಒಡೆಯನಿಗೆ ಸಲ್ಲಿಸಬೇಕಾದ ನಿಷ್ಠೆ ಅದು. ಪಂಪನ ಕರ್ಣನು, ಪಾಂಡವರು ತನ್ನ ಒಡಹುಟ್ಟಿದವರೆಂದು ತಿಳಿದಮೇಲೂ ದುರ್ಯೋಧನನನ್ನು ಬಿಡದೆ ನಿಂತುದು ಈ ಧರ್ಮದಿಂದ. ಪ್ರೀತಿಯೂ ಕರ್ತವ್ಯವೂ ಬೇರೆಬೇರೆಯಾಗದೆ ಒಂದಾಗಿರುವುದರಲ್ಲಿ ಜೋಳವಾಳಿಯೂ ಹೆಸೆದೂ ಒಂದೇ ಜಾತಿಯವು. ಆದರೆ ಜೋಳವಾಳಿ ಕೆಳಗಿನವನು ಮೇಲಿನವನಿಗೆ ಸಲ್ಲಿಸತಕ್ಕದ್ದು. ಅನ್ನವಿಕ್ಕಿದವನೇ ಉಂಡವನಿಗೆ ಜೋಳವಾಳಿಯನ್ನು ಸಲ್ಲಿಸುವನೆಂದರೆ ನಮ್ಮ ಕವಿಗಳು ನಕ್ಕಾರು. ಹೀಬ್ರೂ ಕವಿಯಾದರೋ ೧೩೬ನೆಯ ಕೀರ್ತನೆಯ ೨೬ ವಾಕ್ಯಗಳಲ್ಲಿಯೂ ದೇವರ ಹೆಸೆದ್ ಎಂದೆಂದಿಗೂ ಇರುವುದೆಂದು ಪಲ್ಲವಿಯಾಗಿ ಹಾಡಿದ್ದಾನೆ.

ಹೆಸೆದ್ ಪದದ ಜೊತೆಯಲ್ಲಿಯೇ ಬರುವ ಇನ್ನೊಂದು ಪದ 'ಎಮೂನಾ'. ಕನ್ನಡ ಬೈಬಲಿನ 'ನಂಬಿಗಸ್ತಿಕೆ'ಯು ಇದಕ್ಕೂ ಇದರ ಬಳಗದ ಪದಗಳಿಗೂ ಸಲ್ಲುತ್ತದೆ. ನಮ್ಮ ನಂಬಿಗೆಗೆ ಸಂಸ್ಕೃತದ ಬಾಲವೊಂದು ಅಂಟಿಕೊಂಡಂತಿರುವ ಈ ಮಿಶ್ರಪದವನ್ನು ಕಂಡು ಮೂಗುಮುರಿಯುವ ಪಂಡಿತರುಂಟು. ನನಗೇನೋ ಅದು ಹಿಡಿಸುತ್ತದೆ, ಏಕೆಂದರೆ ನಂಬುವುದನ್ನೂ ನಂಬಿಕೆಗೆ ಪಾತ್ರನಾಗಿ ನಿಲ್ಲುವುದನ್ನೂ ಅದು ಬೇರ್ಪಡಿಸಿ ತೋರಿಸುತ್ತದೆ. ಎಮೂನಾ ಪದದ ಮೂಲಾರ್ಥ ಅಲುಗದಿರುವುದು. ವಿಮೋಚನಕಾಂಡದ ೧೭ನೆಯ ಅಧ್ಯಾಯದಲ್ಲಿ, ಯುದ್ಧ ನಡೆಯುತ್ತಿರುವಾಗ ಮೋಶೆಯ ಎತ್ತಿದ ಕೈಗಳು ಸೋಲುತ್ತವೆ. ಆರೋನನೂ ಹೂರನೂ ಅತ್ತಿತ್ತ ನಿಂತು ಆತುಕೊಳ್ಳುತ್ತಾರೆ. ಹೊತ್ತು ಮುಳುಗುವವರೆಗೆ ಅವನ ಕೈಗಳು ಎಮೂನಾ ಆಗಿದ್ದುವು ಎಂದು ಮೂಲದಲ್ಲಿದೆ. 'ಆಮೆನ್' ಎಂಬುದೂ ಇದೇ ಧಾತುವಿನದು. ದೇವರ ಸತ್ಯಸಂಧತೆಯೆಂದು ನಾವು ಅಮೂರ್ತವಾಗಿ ಹೇಳುವುದು ಆ ಭಾಷೆಯವರ ಕಿವಿಗೆ ಸಂಜೆಯವರೆಗೆ ಇಳಿಯದ ಕೈಯಂತೆ ಕೇಳಿಸುತ್ತಿತ್ತೇನೋ.

ಹೆಸೆದ್ ಪದವೂ ಎಮೂನಾದ ಸೋದರಪದವಾದ 'ಎಮೆತ್' ಎಂಬುದೂ ಶಿಕ್ಷೆಯೊಡನೆ ಒಂದೇ ಉಸಿರಿನಲ್ಲಿ ಬರುವ ಪ್ರಸಿದ್ಧ ಸ್ಥಳ ವಿಮೋಚನಕಾಂಡದ ೩೪ನೆಯ ಅಧ್ಯಾಯ. ಜನರು ಚಿನ್ನದ ಕರುವನ್ನು ಪೂಜಿಸಿ, ಮೋಶೆಯು ಶಿಲಾಫಲಕಗಳನ್ನು ಒಡೆದುಹಾಕಿದ ಮೇಲೆ ದೇವರು ತನ್ನ ಗುಣಗಳನ್ನು ತಾನೇ ಸಾರುತ್ತಾನೆ: ದೀರ್ಘಶಾಂತನು, ಹೆಸೆದಿನಲ್ಲಿಯೂ ಎಮೆತಿನಲ್ಲಿಯೂ ಸಮೃದ್ಧನು, ಆದರೂ ಅಪರಾಧವನ್ನು ಸುಮ್ಮನೆ ಬಿಡದೆ ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುವವನು. ಈ ಸೂತ್ರವನ್ನು ಮುಂದಿನವರು ತಮತಮಗೆ ಬೇಕಾದಂತೆ ಎತ್ತಿಕೊಂಡುದು ಸ್ವಾರಸ್ಯವಾಗಿದೆ. ನಹೂಮನು ದಂಡನೆಯ ಭಾಗವನ್ನು ಹಿಡಿದು ನಿನೆವೆಯ ನಾಶವನ್ನು ಸಾರುತ್ತಾನೆ. ಯೋನನು ಅದೇ ನಿನೆವೆ ಕ್ಷಮೆ ಹೊಂದಿದುದನ್ನು ಕಂಡು, ನೀನು ಇಂತಹವನೆಂದು ನನಗೆ ಮೊದಲೇ ಗೊತ್ತಿತ್ತೆಂದು ಹೆಸೆದಿನ ಭಾಗವನ್ನು ದೂರಾಗಿ ಒಪ್ಪಿಸುತ್ತಾನೆ! ತಂದೆಯ ಪಾಪಕ್ಕೆ ಮಗನು ಹೊಣೆಯೆಂಬ ಮಾತನ್ನು ಯೆಹೆಜ್ಕೇಲನು ೧೮ನೆಯ ಅಧ್ಯಾಯದಲ್ಲಿ ಖಂಡತುಂಡವಾಗಿ ನಿರಾಕರಿಸುತ್ತಾನೆ. ಶಾಸ್ತ್ರವು ಶಾಸ್ತ್ರದೊಡನೆಯೇ ವಾದಿಸುವುದು ಇಲ್ಲಿ ಅಪರೂಪವಲ್ಲ.

ಈಗ ಮೊದಲು ಹೇಳಿದ ತೊಡಕಿಗೆ ಬರೋಣ. ಆಜ್ಞೆ ಮೀರಿದರೆ ಆಪತ್ತು ಬರುವುದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಇದರಿಂದ, ಆಪತ್ತು ಬಂದವರೆಲ್ಲರೂ ಆಜ್ಞೆ ಮೀರಿದವರೆಂದು ಸಿದ್ಧವಾಗುವುದೇ? ತರ್ಕವನ್ನು ಓದಿದವರಿಗೆ ಇದರ ದೋಷ ಕೂಡಲೇ ಕಾಣುವುದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕಾದ ಕಬ್ಬಿಣದ ಗುಂಡೇ ಇದಕ್ಕೆ ದೃಷ್ಟಾಂತ. ಯೋಬನ ಗೆಳೆಯರು ಮಾಡಿದುದು ಈ ವಿಪರೀತವಾದ ಅನುಮಾನವನ್ನೇ. ಮಕ್ಕಳನ್ನೂ ಐಶ್ವರ್ಯವನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಮುಂದೆ, ನೀನು ಪಾಪ ಮಾಡಿರಲೇಬೇಕೆಂದು ಅವರು ಸುದೀರ್ಘವಾಗಿ ವಾದಿಸಿದರು. ಗ್ರಂಥದ ಕೊನೆಯಲ್ಲಿ ದೇವರು, ನೀವು ನನ್ನ ವಿಷಯದಲ್ಲಿ ಸರಿಯಾಗ ಮಾತನಾಡಲಿಲ್ಲವೆಂದು ಗದರಿಸುವುದು ಅವರನ್ನೇ. ದೇವರೊಡನೆ ಜಗಳವಾಡಿದ ಯೋಬನನ್ನಲ್ಲ.

೪೪ನೆಯ ಕೀರ್ತನೆ ಇನ್ನೂ ನೇರವಾದುದು. ನಾವು ನಿನ್ನನ್ನು ಮರೆಯಲಿಲ್ಲ, ಒಡಂಬಡಿಕೆಗೆ ದ್ರೋಹ ಮಾಡಲಿಲ್ಲ, ಆದರೂ ಇದೆಲ್ಲ ನಮ್ಮ ಮೇಲೆ ಬಂದಿದೆ ಎಂದು ಅಲ್ಲಿ ಸೋತ ಜನರು ದೇವರಿಗೆ ಹೇಳುತ್ತಾರೆ. ೮೯ನೆಯ ಕೀರ್ತನೆಯಲ್ಲಿ ಹೆಸೆದ್ ಏಳು ಸಲವೂ ಎಮೂನಾ ಏಳು ಸಲವೂ ಬರುತ್ತವೆ. ಮೊದಲ ಭಾಗವೆಲ್ಲ ದಾವೀದನ ವಂಶಕ್ಕೆ ದೇವರು ಕೊಟ್ಟ ವಾಗ್ದಾನದ ಸ್ತೋತ್ರ: ಮಕ್ಕಳು ತಪ್ಪಿದರೆ ಬೆತ್ತದಿಂದ ದಂಡಿಸುವೆನು, ಹೆಸೆದನ್ನು ಮಾತ್ರ ತೆಗೆಯೆನು ಎಂಬುದು ಅದರ ಸಾರ. ಬಳಿಕ ಕವಿ ಹಠಾತ್ತಾಗಿ ತಿರುಗಿ, ನೀನಾದರೋ ಒಡಂಬಡಿಕೆಯನ್ನೇ ಹೇಸಿ ಬಿಟ್ಟೆ, ಕಿರೀಟವನ್ನು ಮಣ್ಣಿಗೆ ಹಾಕಿದೆ ಎಂದು ದೂರುತ್ತಾನೆ. ಎಮೂನಾದಿಂದ ಪ್ರಮಾಣಮಾಡಿದ ಆ ಹೆಸೆದ್ ಎಲ್ಲಿ ಎಂದು ಕೇಳುತ್ತಾನೆ. ಪತ್ರವನ್ನು ಕೈಯಲ್ಲಿ ಹಿಡಿದು ಸಾಲಗಾರನು ಸಾಹುಕಾರನನ್ನೇ ಕಟಕಟೆಗೆ ಕರೆದಂತಿದೆ. ಇದು ನಾಸ್ತಿಕ್ಯವೆಂದು ಹೇಳುವಂತಿಲ್ಲ. ಮಾತು ಕೊಟ್ಟವನನ್ನಲ್ಲವೇ ಮಾತಿಗಾಗಿ ಕೇಳುವುದು.

ಯೆರೂಸಲೇಮು ಕ್ರಿ. ಪೂ. ೫೮೬ರಲ್ಲಿ ಬಿದ್ದಿತು. ದೇವಾಲಯ ಸುಟ್ಟಿತು, ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರಿನಲ್ಲಿಯೇ ಕೊಂದು ಬಳಿಕ ಅವನ ಕಣ್ಣುಗಳನ್ನು ಕಿತ್ತರು. ಆ ಕಾಲದ ಸಾಮಾನ್ಯ ನಂಬಿಕೆಯ ಪ್ರಕಾರ ಜನಾಂಗ ಸೋತರೆ ಅದರ ದೇವರೂ ಸೋತಂತೆ. ಆ ತರ್ಕದಂತೆ ಯೆಹೋವನ ಹೆಸರು ಅಂದಿಗೇ ಮುಗಿಯಬೇಕಾಗಿತ್ತು. ಪ್ರಲಾಪಗಳೆಂಬ ಗ್ರಂಥವನ್ನು ರಚಿಸಿದವರು ಬೇರೊಂದು ವಿಧದಲ್ಲಿ ಓದಿದರು. ಎರಡನೆಯ ಅಧ್ಯಾಯದಲ್ಲಿ, ದೇವರು ಪೂರ್ವಕಾಲದಲ್ಲಿ ಆಜ್ಞಾಪಿಸಿದ್ದ ತನ್ನ ಮಾತನ್ನೇ ನೆರವೇರಿಸಿದನೆಂದು ಅವರು ಹೇಳುತ್ತಾರೆ. ಮಾತು ನೆರವೇರಿದುದು ನಾಶದ ರೂಪದಲ್ಲಿ. ಆದರೂ ನೆರವೇರಿಸಿದವನು ಬಾಬಿಲೋನಿನ ದೇವರಲ್ಲ. ಇದು ಎಷ್ಟು ಕಠಿಣವಾದ ಸಮಾಧಾನವೆಂಬುದು ಅವರಿಗೇ ತಿಳಿದಿತ್ತು. ಶಾಪಾವಳಿಯಲ್ಲಿ ಎಚ್ಚರಿಸಿದಂತೆಯೇ ತಾಯಂದಿರು ಹಸಿವಿನಿಂದ ತಮ್ಮ ಕೂಸುಗಳನ್ನೇ ಬೇಯಿಸಿದುದನ್ನು ಅವರು ಬರೆದಿದ್ದಾರೆ. ಅದನ್ನು ನ್ಯಾಯವೆಂದು ಸಮರ್ಥಿಸುವ ಮಾತು ಆ ಪದ್ಯದಲ್ಲಿ ಇಲ್ಲ.

ಈ ಗ್ರಂಥದ ಬಂಧವೂ ಗಮನಾರ್ಹವಾದುದು. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ ೨೨ ಅಕ್ಷರಗಳ ಕ್ರಮದಲ್ಲಿ ರಚಿತವಾಗಿವೆ. ನಡುವಣ ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರರಂತೆ ೬೬ ವಾಕ್ಯಗಳು. ದೇವರು ಕರಡಿಯಂತೆ ಹೊಂಚುಹಾಕಿದನು, ಪ್ರಾರ್ಥನೆಗೆ ಬಾಗಿಲು ಮುಚ್ಚಿದನು ಎಂದು ದೂರುತ್ತ ಬಂದ ಕವಿಗೆ ಎಂಟನೆಯ ಅಕ್ಷರವಾದ 'ಹೇತ್' ಎದುರಾಗುತ್ತದೆ. ಹೆಸೆದ್ ಪದವು ಆ ಅಕ್ಷರದಿಂದಲೇ ಆರಂಭವಾಗುವುದು. ಅಲ್ಲಿಯೇ, ದೇವರ ಹೆಸೆದ್ ಮುಗಿದಿಲ್ಲ, ಬೆಳಗುಬೆಳಗಿಗೂ ಹೊಸದು, ಆತನ ಎಮೂನಾ ದೊಡ್ಡದು ಎಂಬ ಮಾತು ಬರುತ್ತದೆ. ಶೋಕದಲ್ಲಿ ಮನಸ್ಸಿಗೆ ತೋಚದಿದ್ದ ಮಾತನ್ನು ಅಕ್ಷರದ ಕಟ್ಟಳೆಯೇ ಎಳೆದುತಂದಂತಿದೆ. ಮುಂದೆ ದೂರು ಮತ್ತೆ ಆರಂಭವಾಗುತ್ತದೆ. ಐದನೆಯ ಅಧ್ಯಾಯದಲ್ಲಿ ವಾಕ್ಯಗಳು ೨೨ ಇದ್ದರೂ ಅಕ್ಷರಕ್ರಮ ಕಳಚಿಬಿದ್ದಿದೆ. ಕೊನೆಯ ವಾಕ್ಯವು, ನೀನು ನಮ್ಮನ್ನು ತೀರ ತಳ್ಳಿಬಿಟ್ಟಿರುವೆಯೋ, ನಿನ್ನ ಕೋಪಕ್ಕೆ ಮಿತಿಯಿಲ್ಲವೋ ಎಂಬ ಸಂಶಯದಲ್ಲಿ ನಿಂತುಹೋಗುತ್ತದೆ. ಅದರ ವ್ಯಾಕರಣವೇ ಸಂದಿಗ್ಧವಾಗಿದ್ದು ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಯೆಹೂದ್ಯರು ದೇವಾಲಯದ ನಾಶವನ್ನು ಸ್ಮರಿಸಿ, ಆವ್ ಮಾಸದ ಒಂಬತ್ತನೆಯ ದಿನ ಉಪವಾಸವಿದ್ದು, ಸಭಾಮಂದಿರಗಳಲ್ಲಿ ನೆಲದ ಮೇಲೋ ತಗ್ಗಾದ ಪೀಠಗಳ ಮೇಲೋ ಕುಳಿತು ಈ ಗ್ರಂಥವನ್ನು ಪಾರಾಯಣಮಾಡುತ್ತಾರೆ. ಕೊನೆಯ ವಾಕ್ಯವನ್ನು ಅವರು ಬಿಡುವುದಿಲ್ಲ, ತಿದ್ದುವುದೂ ಇಲ್ಲ; ಅದನ್ನು ಓದಿ ಮುಗಿಸಿದಮೇಲೆ ಅದರ ಹಿಂದಿನ ವಾಕ್ಯವನ್ನು, ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ ಎಂಬ ಬೇಡಿಕೆಯನ್ನು, ಎಲ್ಲರೂ ಸೇರಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಿ ಏಳುತ್ತಾರೆ.